ಪಾಪುಟ್ಟು

ಐದು ಸೋಲಿನ ಮೇಲೆ ಬಂದ ಪತ್ರ ಆರೇ ಸಾಲು,
ಅದರಲ್ಲಿ ಎರಡು ಸಾಲು ಧನ್ಯವಾದ.
ಪುಣೆಯ ಬಾಡಿಗೆ ಕೋಣೆ ಖಾಲಿ ಮಾಡುವಾಗ
ಸೀಟಿ, ಸ್ಟಾಪ್‌ವಾಚು, ಎರಡು ಜೊತೆ ಬೂಟು,
ಪ್ಲಾಸ್ಟಿಕ್ ಹೊದಿಸಿದ ಮೂರು ಸರ್ಟಿಫಿಕೇಟು
(ಮೂರನೆಯದು ಸಾಲ ಮಾಡಿ ಕಲಿತದ್ದು)
ಎಲ್ಲ ಒಂದೇ ಚೀಲದಲ್ಲಿ ಹಿಡಿಯಿತು.

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಸಿಕ್ಕವನು ಉತ್ತಯ್ಯ,
ಮೂವತ್ತು ವರ್ಷ ಹಾಕಿ ಅಂಪೈರು.
"ಏನು, ತೆಗೆದುಬಿಟ್ಟರಾ?" ಅಂದ. ಮುಚ್ಚುಮರೆಯಿಲ್ಲ.
"ನೋಡು ಚಿಣ್ಣಪ್ಪ, ಇದು ಚೆಂಡನ್ನು ಕೋಲಿನಲ್ಲಿ ಹೊಡೆಯುವ ನಾಡು.
ನೀನು ಅದನ್ನು ಕೂಸಿನ ಹಾಗೆ ಎದೆಗವಚಿ ಓಡಿದೆ.
ಯಾರು ಸುಮ್ಮನೆ ಬಿಡುತ್ತಾರೆ?"
ಕಾಫಿಯ ದುಡ್ಡು ಅವನೇ ಕೊಟ್ಟ.

ಫೆಬ್ರವರಿ. ತೋಟಗಳಲ್ಲಿ ಮೆಣಸಿನ ಕೊಯ್ಲು.
ಒಂಟಿ ಬಿದಿರಿನ ಏಣಿ, ಗೆಣ್ಣಿಗೊಂದು ಮೆಟ್ಟಿಲು.
ಕೊಯ್ಲಿನವನು ಹೆಗಲ ಮೇಲೆ ಹೊತ್ತು ತರುತ್ತಾನೆ,
ಸಿಲ್ವರ್ ಮರಕ್ಕೆ ಒರಗಿಸಿ ಹತ್ತುತ್ತಾನೆ,
ಎಟುಕಿದಷ್ಟು ಗೊಂಚಲು ಬಿಡಿಸಿ ಇಳಿಯುತ್ತಾನೆ.
ಮತ್ತೆ ಅದೇ ಏಣಿ, ಅದೇ ಹೆಗಲು, ಪಕ್ಕದ ಮರ.
ನನ್ನ ಹದಿನೆಂಟು ವರ್ಷದ ಲೆಕ್ಕ ಅಲ್ಲೇ ನಿಂತು ಹಾಕಿದೆ:
ರೆಜಿಮೆಂಟಿನ ತಂಡದಲ್ಲಿ ಆಟಗಾರ. ಭುಜ ಜಾರಿತು. ಇಳಿದೆ.
ಶಾಲೆಯೊಂದರಲ್ಲಿ ಕೋಚು. ಶಾಲೆ ಮುಚ್ಚಿತು. ಇಳಿದೆ.
ಸಹಾಯಕನ ಸಹಾಯಕ: ಕೋನು ಜೋಡಿಸು, ವಿಡಿಯೋ ಕತ್ತರಿಸು,
ದೊಡ್ಡವರು ಬೈದಾಗ ನೀರಿನ ಬಾಟಲಿ ತುಂಬಿಸು.
ಆಮೇಲೆ ಮುಂಚೂಣಿಯವರ ಕೋಚು.
ಆಮೇಲೆ ಹದಿನಾಲ್ಕು ತಿಂಗಳು, ಇಡೀ ತಂಡಕ್ಕೆ ನಾನೇ.
ಆ ಮರದಿಂದ ನಾನು ಇಳಿಯಲಿಲ್ಲ,
ಏಣಿಯನ್ನೇ ಯಾರೋ ತೆಗೆದರು.

ಈಗ ತಿತಿಮತಿಯ ಹಾಸ್ಟೆಲಿನ ಹುಡುಗಿಯರು, ಹತ್ತೊಂಬತ್ತು ಜನ.
ಚೆಂಡು ಎರಡು; ಒಂದರ ಗಾಳಿ ಸಂಜೆಯೊಳಗೆ ಹೋಗುತ್ತದೆ.
ಸಂಬಳದ ಮಾತು ಇನ್ನೂ ಯಾರೂ ಎತ್ತಿಲ್ಲ.

ನಿನ್ನೆ ರಾತ್ರಿ ಸುದಾಮ್ ಹೆಂಬ್ರಮ್ ಫೋನು.
ನನ್ನ ತಂಡದಲ್ಲಿ ಚೆಂಡು ಎಸೆಯುತ್ತಿದ್ದವನು,
ಮಂಡಿ ಮುರಿದು ಈಗ ಸಹಾಯಕನ ಸಹಾಯಕ.
ಬಹಳ ಹೊತ್ತು ಒಡಿಶಾದ ಸೆಕೆಯ ಬಗ್ಗೆ ಮಾತಾಡಿದ,
ಅವನಿದ್ದದ್ದು ಪುಣೆಯಲ್ಲೇ.

ಚೆಂಡು ಗೆರೆ ದಾಟಿದರೆ ಎರಡು ಸಾಲು ನಿಲ್ಲಬೇಕು,
ನಡುವೆ ಚೆಂಡು ಎಸೆಯಬೇಕು, ಒಬ್ಬನನ್ನು ಇಬ್ಬರು ಆಕಾಶಕ್ಕೆ ಎತ್ತಬೇಕು.
ಯಾರನ್ನು ಎಂಬುದು ಗುಟ್ಟು. ಆ ಗುಟ್ಟಿಗೆ ನಾನಿಟ್ಟ ಹೆಸರು
ನಮ್ಮ ಅಡುಗೆಮನೆಯದು: ಮುಂದಿನವನು ಕಡಂಬುಟ್ಟು,
ನಡುವಿನವನು ನೂಪುಟ್ಟು, ಕೊನೆಯವನು ಪಾಪುಟ್ಟು.
ಮಣಿಪುರದವರು, ಜಾರ್ಖಂಡಿನವರು, ಫಿಜಿಯ ಇಬ್ಬರು ದೈತ್ಯರು
ಹಸಿದವರ ಹಾಗೆ ಕೂಗುತ್ತಿದ್ದರು.
ಹೊಸ ಕೋಚು ನ್ಯೂಜಿಲೆಂಡಿನವನು. ಒಳ್ಳೆಯವನು, ಸುಳ್ಳು ಹೇಳಬಾರದು.
ಹೆಸರು ಅಳಿಸಿ ಅಂಕಿ ಬರೆದ. ಏಳು, ಮೂರು, ಒಂದು.

"ಸರ್, ಕೊನೆಯ ನಿಮಿಷ. ಎರಡು ಪಾಯಿಂಟ್ ಹಿಂದೆ.
ಗೆರೆಗೆ ಐದೇ ಮೀಟರು. ಹುಡುಗನಿಗೆ ಬಾಯಿ ಒಣಗಿತು,
ಅಂಕಿ ಮರೆತುಹೋಯಿತು, ಕೂಗಿಬಿಟ್ಟ: ಪಾಪುಟ್ಟು!
ಕಾಲುಗಳು ತಾವೇ ಸರಿದವು ಸರ್. ಗೆದ್ದೆವು."
ಅದೇನು ಕೂಗಿದ್ದು ಎಂದು ಹೊಸ ಕೋಚು ಕೇಳಿದನಂತೆ.
ಸುದಾಮ್ ಹೇಳಿದನಂತೆ: ಅಕ್ಕಿತರಿ, ಹಾಲು, ತೆಂಗಿನ ತುರಿ,
ಹಬೆಯಲ್ಲಿ ಬೇಯಿಸಬೇಕು.

ಆಮೇಲೆ ಇಬ್ಬರೂ ಸುಮ್ಮನಾದೆವು.
ದೂರದಲ್ಲಿ ಯಾರೋ ಆನೆಗೆ ಪಟಾಕಿ ಹೊಡೆದರು.
"ನಿಮ್ಮ ಜಾಗ ಅದು ಸರ್" ಎಂದು ಶುರುಮಾಡಿದ.
ತಡೆದೆ. "ಮ್ಯಾಚು ಟೀವಿಯಲ್ಲಿ ಬಂತಾ?"
"ಬಂತು ಸರ್."
"ಹಾಗಾದರೆ ಎಲ್ಲರ ಕಿವಿಗೂ ಬಿದ್ದಿದೆ. ನಾಳೆಯಿಂದ ಆ ಹೆಸರು ಬೇಡ.
ಪೆನ್ನು ಇದೆಯಾ? ಬರೆದುಕೋ. ತಂಬುಟ್ಟು.
ಬಾಳೆಹಣ್ಣಿನದು.
ಎಸೆತ ಹಿಂದಕ್ಕೇ ಇರಲಿ, ಎತ್ತರ ಸ್ವಲ್ಪ ಕಡಿಮೆ."